ಸಿಂಹಾಸನ ಕೊಟ್ಟಿಗೆಗೆ ಬಂದದ್ದು

ನಮ್ಮೂರ ಚಾವಡಿಯ ಬಾಗಿಲನ್ನು ಇಪ್ಪತ್ತಾರು ವರ್ಷ ದಿನಾ ಬೆಳಿಗ್ಗೆ ತೆಗೆದವಳು ನಾನು, ದೇವೀರಮ್ಮ. ಈಗ ಊರಲ್ಲಿ ನನ್ನ ಮೇಲೆ ನಾಲ್ಕು ಥರದ ಕಥೆ ಓಡಾಡುತ್ತಿವೆ. ನಾಲ್ಕರಲ್ಲೂ ನಾನೇ ಕಳ್ಳಿ; ಎರಡರಲ್ಲಿ ನನ್ನ ಎಮ್ಮೆಯೂ ಕಳ್ಳಿ. ನನ್ನನ್ನು ಏನಾದರೂ ಅಂದುಕೊಳ್ಳಲಿ, ತಿರುಗಿಸಿ ಅನ್ನುವುದಕ್ಕೆ ನನಗೂ ಬಾಯಿದೆ. ಎಮ್ಮೆ ಪಾಪ, ಅದೇನು ಹೇಳೀತು. ಹಾಗಾಗಿ ಆದದ್ದನ್ನು ಆದ ಹಾಗೆ ಹೇಳಿಬಿಡುತ್ತೇನೆ.

ಚಾವಡಿ ಅಂದರೆ ಒಂದು ದೊಡ್ಡ ಹಜಾರ. ಒಂದೇ ಬಾಗಿಲು, ಒಂದೇ ಬೀಗದ ಕೈ. ಬೆಳಿಗ್ಗೆ ಬಾಗಿಲು ತೆಗೆದಾಗ ಒಳಗೆ ಯಾವ ಸಾಮಾನು ಕಾಣುತ್ತದೋ, ಸೂರ್ಯ ಮುಳುಗುವವರೆಗೆ ಊರಿಗೆ ಆ ಬಗೆಯ ಸರ್ಕಾರ. ಹಿಂದಿನ ಸಂಜೆ ಚಾಪೆ ನೋಡಿ ಬೀಗ ಹಾಕಿ ಬಂದಿದ್ದರೆ ಬೆಳಿಗ್ಗೆ ಅಲ್ಲಿ ಮೇಜು ಇರಬಹುದು, ಸಿಂಹಾಸನ ಇರಬಹುದು, ಏನೂ ಇಲ್ಲದಿರಲೂಬಹುದು. ಅದು ಹೇಗೆ ಬದಲಾಗುತ್ತದೆ ಎಂದು ನನ್ನನ್ನು ಕೇಳಬೇಡಿ, ನಾನು ಗುಡಿಸುವವಳು. ಬಾಗಿಲು ತೆಗೆದು, ಒಳಗೆ ನೋಡಿ, ಹೊರಗಿನ ಗಂಟೆ ಬಾರಿಸಿ, "ಚಾಪೇ!" ಎಂದೋ "ಮೇಜೂ!" ಎಂದೋ ಕೂಗುವುದು ನನ್ನ ಕೆಲಸ. ಆ ಕೂಗು ಕೇಳಿದ ಮೇಲೆಯೇ ಊರಲ್ಲಿ ಜನ ಮುಖ ತೊಳೆಯುತ್ತಿದ್ದರು. ಇವತ್ತು ಯಾವ ಮುಖ ಹೊತ್ತು ಹೊರಗೆ ಬರಬೇಕು ಎಂದು ಮೊದಲು ಗೊತ್ತಾಗಬೇಕಲ್ಲ!

ಉದ್ದ ಮೇಜು ಕಂಡರೆ ಗುಮಾಸ್ತರ ಸರ್ಕಾರ. ಅವತ್ತು ಚಾವಡಿಗೆ ಹೋಗುವವರು ಎರಡು ಹೊತ್ತಿನ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಚಾಪೆ ಹಾಸಿದ್ದರೆ ಎಲ್ಲರ ಸರ್ಕಾರ. ಮಾತಾಡಿ, ಕೈ ಎತ್ತಿ ತೀರ್ಮಾನ. ಮಾತು ಬೇಗ ಮುಗಿಯುವುದಿಲ್ಲ ಎಂದು ಗೊತ್ತಿದ್ದೇ ಹೆಂಗಸರು ಅವರೇಕಾಯಿಯನ್ನು ಮೊರದ ಸಮೇತ ತರುತ್ತಾರೆ. ತೀರ್ಮಾನ ಆಗದಿದ್ದರೂ ರಾತ್ರಿಯ ಸಾರಿಗೆ ಕಾಳು ಬಿಡಿಸಿ ಆಗಿರುತ್ತದೆ. ಒರಗುವ ಐದು ಲೋಡುದಿಂಬು ಕಂಡರೆ ಐವರು ಹಿರಿಯರ ಆಳ್ವಿಕೆ. ಮಡಚುವ ಕಬ್ಬಿಣದ ಕುರ್ಚಿ, ಅದರ ಮೇಲೊಂದು ಸೀಟಿ ಇದ್ದರೆ ಮಾಜಿ ಸುಬೇದಾರ್ ಕಾಳಪ್ಪನವರದು. ಅವತ್ತು ಹತ್ತು ಗಂಟೆಯೊಳಗೆ ಊರಿನ ಚರಂಡಿಯೆಲ್ಲ ಚೊಕ್ಕಟ. ನಗು ಬಂದವರು ಬಚ್ಚಲುಮನೆಗೆ ಹೋಗಿ ನಕ್ಕು ಬರುತ್ತಾರೆ. ಸಿಂಹಾಸನ ಬಂದರೆ ರಾಜನ ದಿನ. ಅದು ಮನೆ ನಂಬರಿನ ಸರದಿ. ನೂರ ಹದಿನೆಂಟು ಮನೆ, ಸಿಂಹಾಸನ ಬರುವುದು ವರ್ಷಕ್ಕೆ ಹತ್ತು ಸಲ. ಹೋದ ಸಲದ ರಾಜ ಬೆಲ್ಲದಂಗಡಿಯವನು. ಮೂವತ್ತು ವರ್ಷದಿಂದ ಯಾರೂ ಮುಟ್ಟದ ಕೆರೆಯ ದಾರಿಯನ್ನು ಮಧ್ಯಾಹ್ನದೊಳಗೆ ಸರಿ ಮಾಡಿಸಿದ. ಎಲ್ಲರೂ ಭೇಷ್ ಅಂದರು. ಊಟವಾದ ಮೇಲೆ, ತನ್ನ ಭಾವಮೈದುನ ಇನ್ನು ಮುಂದೆ ಊರಲ್ಲಿ ಹಿಮ್ಮುಖವಾಗಿ ನಡೆಯತಕ್ಕದ್ದು ಎಂದು ಅಪ್ಪಣೆ ಮಾಡಿದ. ಒಂದು ಸರ್ಕಾರದ ಅಪ್ಪಣೆ ಇನ್ನೊಂದು ಸರ್ಕಾರ ತೆಗೆದುಹಾಕುವವರೆಗೆ ನಿಲ್ಲುತ್ತದೆ. ಆ ಹುಡುಗನ ಅರ್ಜಿ ಮೇಜಿನವರ ಹತ್ತಿರ ಇದೆ. ಅವನು ಈಗಲೂ ಹಿಂದಕ್ಕೇ ನಡೆಯುತ್ತಾನೆ, ಪರವಾಗಿಲ್ಲ, ಅಭ್ಯಾಸವಾಗಿದೆ.

ನನ್ನ ಮನೆ ಚಾವಡಿಯ ಹಿತ್ತಲಿನಲ್ಲಿದೆ, ಅದಕ್ಕೆ ನಂಬರಿಲ್ಲ. ಹಾಗಾಗಿ ರಾಜನ ಸರದಿ ನನಗೆ ಬರುವುದಿಲ್ಲ. ಚಾಪೆಯ ದಿನ ಕೈ ಎಣಿಸುವವಳು ನಾನೇ ಆದ್ದರಿಂದ ನಾನು ಕೈ ಎತ್ತುವ ಹಾಗಿಲ್ಲ. ಊರಿಗೆಲ್ಲ ಆಳುವ ಭಾಗ್ಯ, ನನಗೆ ಮಾತ್ರ ಪೊರಕೆ. ಹೊಟ್ಟೆ ಉರಿಯುತ್ತಿರಲಿಲ್ಲ ಎಂದು ಹೇಳಿದರೆ ನಾಲಿಗೆ ಬಿದ್ದುಹೋದೀತು. ಆದರೆ ನನಗೊಬ್ಬಳು ಬೆಳ್ಳಿ ಇದ್ದಳು. ಇದ್ದಿಲಿಗಿಂತ ಕಪ್ಪು ಎಮ್ಮೆ, ಹೆಸರು ಬೆಳ್ಳಿ. ನನ್ನ ಕೈ ಬಿಟ್ಟು ಇನ್ನೊಬ್ಬರ ಕೈಗೆ ಒಂದು ತೊಟ್ಟು ಹಾಲು ಇಳಿಸಿದವಳಲ್ಲ. ಆ ತಿಂಗಳು ಹೆಣ್ಣುಗರು ಹಾಕಿದ್ದಳು. ಕರುವಿಗೆ ಆಗ ಹನ್ನೆರಡು ದಿನ.

ನಡೆದದ್ದು ಇಷ್ಟು. ಎಪ್ಪತ್ನಾಲ್ಕನೇ ನಂಬರಿನ ಮನೆಯಲ್ಲಿ ಕೊಡೆ ರಿಪೇರಿಯ ಮುದ್ದವೀರಪ್ಪ ಇದ್ದಾರೆ. ಒಂಟಿ ಮನುಷ್ಯ, ದಿನಕ್ಕೆ ಮೂರು ಮಾತಾಡಿದರೆ ಹೆಚ್ಚು. ಅವರ ಮನೆಯ ಹಿಂದಿನ ಸರದಿಯಲ್ಲಿ ಅಣ್ಣ ಬದುಕಿದ್ದ, ಅವನೇ ಕೂತ. ಈಗ ಮುಂದಿನ ಸಿಂಹಾಸನ ಇವರದು. ಹನ್ನೊಂದು ವರ್ಷದಿಂದ ಆ ಒಂದು ದಿನಕ್ಕೆಂದು ಒಂದು ರೇಷ್ಮೆ ಪಂಚೆ ಇಟ್ಟುಕೊಂಡಿದ್ದರು. ವಾರಕ್ಕೊಮ್ಮೆ ಬೇಲಿಯ ಮೇಲೆ ಬಿಸಿಲಿಗೆ ಹಾಕಿ, ಎದುರಿಗೆ ಕೂತು ಕಾಯುತ್ತಿದ್ದರು. ಆ ದಿನ ಯಾರೋ ಕೊಡೆ ತಂದರೆಂದು ಒಳಗೆ ಎದ್ದುಹೋದರು. ಬೆಳ್ಳಿ ಮೇಯಲು ಹೋದವಳು ಪಂಚೆಯನ್ನು ಅಂಚಿನಿಂದ ಶುರುಮಾಡಿ ನಡುವಿನವರೆಗೆ ಮೆದ್ದುಬಿಟ್ಟಳು. ಬಾಣಂತಿ, ಹಸಿವು, ಏನು ಮಾಡುವುದು? ಮುದ್ದವೀರಪ್ಪ ಹೊರಗೆ ಬಂದು ನೋಡಿದರಂತೆ. ಉಳಿದ ಅರ್ಧವನ್ನು ಮಡಚಿ ಒಳಗೆ ತೆಗೆದುಕೊಂಡು ಹೋದರಂತೆ.

ನನ್ನ ಗ್ರಹಚಾರಕ್ಕೆ ಅವತ್ತು ಸೀಟಿಯ ದಿನ. ಕಾಳಪ್ಪನವರಿಗೆ ಸುದ್ದಿ ಮುಟ್ಟಿದ್ದೇ ತಡ, ಅರ್ಧ ಗಂಟೆಯೊಳಗೆ ಬೆಳ್ಳಿ ದೊಡ್ಡಿಯಲ್ಲಿ. ನಮ್ಮೂರಿನ ಯಾವ ಕೆಲಸವೂ ಅಷ್ಟು ಬೇಗ ಆದದ್ದನ್ನು ನಾನು ಕಂಡಿಲ್ಲ. ಓಡಿಹೋಗಿ, "ಕರು ಮನೇಲದೆ ಸ್ವಾಮಿ, ಹಾಲು ಕುಡಿಯೋ ಕರು," ಎಂದೆ.

"ಸೀಟಿ ಊದಿ ಆಯ್ತು!" ಎಂದರು.

"ಹಂಗಾದ್ರೆ ಕರೂನೂ ದೊಡ್ಡಿಗೇ ಬಿಡಿ, ಅವ್ವನ ಜೊತೆ ಇರ್ಲಿ."

ದೊಡ್ಡಿ ಕಾಯುವ ಗುರುಮಲ್ಲ ಅಡ್ಡ ಬಂದ. ಕೆಟ್ಟವನಲ್ಲ, ನಿಯಮದ ಹುಚ್ಚು. "ಕರು ಏನು ತಪ್ಪು ಮಾಡ್ಯದೆ ದೇವೀರಕ್ಕ? ತಪ್ಪು ಮಾಡ್ದೇ ಇರೋರ್ನ ಒಳಗೆ ಹಾಕಕ್ಕಾಯ್ತದಾ? ಅನ್ಯಾಯ ಅಲ್ವಾ?" ಎಂದ. ದೊಡ್ಡಿಗೆ ಬಿದ್ದ ದನ ಯಾವುದಾದರೂ ಸರ್ಕಾರದ ಅಪ್ಪಣೆ ಇಲ್ಲದೆ ಹೊರಗೆ ಬರುವ ಹಾಗಿಲ್ಲ. ನಾಳೆ ಬೇರೆ ಸರ್ಕಾರ ಬರುತ್ತದಲ್ಲ, ಕೇಳೋಣ ಎಂದು ಬಂದೆ. ಆ ರಾತ್ರಿ ನೆರೆಮನೆಯ ಆಡಿನ ಹಾಲನ್ನು ಬಿದಿರಿನ ಗೊಟ್ಟದಲ್ಲಿ ಕರುವಿನ ಬಾಯಿಗೆ ಹೊಯ್ದೆ. ಅರ್ಧ ಕುಡಿಯಿತು, ಅರ್ಧ ಉಗುಳಿತು.

ಮಾರನೆಯ ದಿನ ಮೇಜು. ಹಿರಿಯ ಗುಮಾಸ್ತ ಶ್ರೀಪತಿರಾಯರು ಬಹಳ ಮರ್ಯಾದೆಯ ಮನುಷ್ಯರು. ರಾಜನ ಥರ ತಿಕ್ಕಲು ಇಲ್ಲ, ಸುಬೇದಾರರ ಥರ ಗದರುವುದಿಲ್ಲ, ಬಡವ ಬಲ್ಲಿದ ಎಂದು ಭೇದವಿಲ್ಲದೆ ಎಲ್ಲರನ್ನೂ ಒಂದೇ ಸಮನೆ ಕಾಯಿಸುತ್ತಾರೆ. ಅರ್ಜಿ ಮೂರು ಪ್ರತಿ ಬೇಕು ಎಂದರು, ಬರೆಸಿ ತಂದೆ. ಅದು ಎಮ್ಮೆಯೇ ಎಂಬುದಕ್ಕೆ ದಾಖಲೆ ಬೇಕು ಎಂದರು.

"ನೋಡಿದ್ರೆ ಗೊತ್ತಾಗಲ್ವಾ ರಾಯರೇ?"

"ನನಗೆ ಗೊತ್ತಾಗುತ್ತೆ ಕಣಮ್ಮಾ. ಫೈಲಿಗೆ ಗೊತ್ತಾಗಬೇಡವೇ?" ಎಂದು ಕಣ್ಣಲ್ಲಿ ನೀರು ತಂದುಕೊಂಡೇ ಹೇಳಿದರು.

ಫೈಲಿಗೆ ಗೊತ್ತಾಗುವುದರೊಳಗೆ ಸೂರ್ಯ ಮುಳುಗಿದ. ಮೂರನೆಯ ದಿನ ಐದು ಲೋಡು. ಹಿರಿಯರು ಐವರೂ ನನ್ನ ಮಾತನ್ನು ಕೊನೆಯವರೆಗೆ ಕೇಳಿದರು. ಊರಲ್ಲಿ ಹಾಗೆ ಕೇಳುವವರು ಅವರು ಮಾತ್ರ. "ತಾಯೀನ ಮಗೀನ ಅಗಲಿಸಬಾರ್ದು" ಎಂದು ಒಬ್ಬರು ಅಂದರು, ನನಗೆ ಜೀವ ಬಂದ ಹಾಗಾಯಿತು. ಆದರೆ ಐವರೂ ಒಪ್ಪಿದರೆ ಮಾತ್ರ ಅಪ್ಪಣೆ. ಐವತ್ತು ವರ್ಷದ ಹಿಂದೆ ಹೀಗೇ ಒಂದು ಎಮ್ಮೆ ಪೇಟ ತಿಂದಿತ್ತಲ್ಲ, ಅದಕ್ಕೆ ಏನು ಮಾಡಿದ್ದೆವು ಎಂಬ ಮಾತು ಬಂತು. ಅದು ಪೇಟವಲ್ಲ, ಶಲ್ಯ ಎಂದರು ಇನ್ನೊಬ್ಬರು. ಊಟದ ಹೊತ್ತಿಗೆ ಪೇಟದ ಕಡೆ ಮೂವರು, ಶಲ್ಯದ ಕಡೆ ಇಬ್ಬರು. ಎರಡು ಗಂಟೆಗೆ ಐವರೂ ಒಮ್ಮತದಿಂದ ನಿದ್ದೆ ಹೋದರು.

ನಾಲ್ಕನೆಯ ದಿನ ಬಾಗಿಲು ತೆಗೆದರೆ ಒಳಗೆ ಏನೂ ಇಲ್ಲ. "ಖಾಲೀ!" ಎಂದು ಕೂಗಿ, ಪೊರಕೆ ಎಸೆದು ದೊಡ್ಡಿಗೆ ಓಡಿದೆ. ಖಾಲಿಯ ದಿನ ಯಾರೂ ಯಾರಿಗೂ ಏನೂ ಹೇಳುವಂತಿಲ್ಲ. ಜನ ಬೀದಿಯಲ್ಲೇ ಮಂಚ ಹಾಕಿ ಮಲಗುತ್ತಾರೆ, ಹಾಡುವವರು ಹಾಡುತ್ತಾರೆ, ಸಂಜೆಯ ಹೊತ್ತಿಗೆ ಚರಂಡಿ ತುಂಬಿ ಮೂಗು ಮುಚ್ಚಿಕೊಂಡು ಹಾಡುತ್ತಾರೆ. "ಕಟ್ಟಿಡು ಅನ್ನೋರು ಇವತ್ತು ಯಾರೂ ಇಲ್ಲ, ಬಿಡು ಗುರುಮಲ್ಲ" ಎಂದು ಕೇಳುವುದು ನನ್ನ ಲೆಕ್ಕಾಚಾರ. ಕೇಳುವುದಕ್ಕೆ ಗುರುಮಲ್ಲ ಇದ್ದರೆ ತಾನೇ! ಸರ್ಕಾರವಿಲ್ಲ, ಕೆಲಸವಿಲ್ಲ ಎಂದು ದೊಡ್ಡಿಯ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಮೀನು ಹಿಡಿಯಲು ಹೋಗಿದ್ದ. ಬೇಲಿಯ ಸಂದಿಯಿಂದ ಬೆಳ್ಳಿ ನನ್ನ ಕೈ ನೆಕ್ಕಿದಳು. ಕೆಚ್ಚಲು ಕಲ್ಲಾಗಿತ್ತು. ಮೇವು ಮುಟ್ಟಿರಲಿಲ್ಲ. ಅಲ್ಲೇ ಕೂತು ಗೋಳೋ ಎಂದು ಅತ್ತೆ, ನಾಚಿಕೆಯೇನು.

ಆಮೇಲೆ ಮೂರು ದಿನ ಸಾಲಾಗಿ ಮೇಜು, ಮೇಜು, ಮೇಜು. ಎಮ್ಮೆ ಎಮ್ಮೆಯೇ ಎಂದು ಏಳನೆಯ ದಿನ ಸಂಜೆ ದಾಖಲಾಯಿತು. ಬಿಡುವ ಅಪ್ಪಣೆ ಬರೆಯುವುದರೊಳಗೆ ಸೂರ್ಯ ಮುಳುಗಿದ. ಆ ಹೊತ್ತಿಗೆ ಕರು ಎದ್ದು ನಿಲ್ಲುವುದನ್ನು ಬಿಟ್ಟಿತ್ತು. ಆಡಿನ ಹಾಲು ಹೊಯ್ದರೆ ಗಂಟಲಿಗೆ ಇಳಿಯುತ್ತಿರಲಿಲ್ಲ. ಇನ್ನು ಒಂದು ದಿನ, ಹೆಚ್ಚೆಂದರೆ ಎರಡು ದಿನ ಎಂದು ನನಗೆ ಗೊತ್ತಾಗಿ ಹೋಯಿತು.

ಎಂಟನೆಯ ಬೆಳಿಗ್ಗೆ ಬಾಗಿಲು ತೆಗೆದೆ. ಸಿಂಹಾಸನ! ಸಿಂಹಾಸನ ಎಂದರೆ ಮುದ್ದವೀರಪ್ಪ. ಹನ್ನೊಂದು ವರ್ಷ ಬಿಸಿಲು ಕಾಸಿದ ಪಂಚೆಯನ್ನು ಯಾರ ಎಮ್ಮೆ ತಿಂದಿತೋ ಅವಳ ಕೈಯಲ್ಲಿ ಗಂಟೆ ಹೊಡೆಸಿಕೊಂಡು ಬಂದು ಕೂರುತ್ತಾರೆ. ಬಾಯಿ ಬಿಡದ ಮನುಷ್ಯ, ಒಳಗೇ ಎಷ್ಟು ಕುದ್ದಿರಬೇಡ! ಬರೀ ಜಗಳಕ್ಕೆ ಭಾವಮೈದುನನನ್ನು ಹಿಮ್ಮುಖ ನಡೆಸಿದ ಊರು ಇದು. ರೇಷ್ಮೆಗೆ ಏನು ಮಾಡುವುದಿಲ್ಲ? ಬೆಳ್ಳಿಯನ್ನು ಗಡಿಯಾಚೆ ಅಟ್ಟಿಸುತ್ತಾರೆ, ಇಲ್ಲ ಕಟುಕನಿಗೆ ಕೊಡಿಸುತ್ತಾರೆ. ರಾಜನ ಬಾಯಿಂದ ಬಂದರೆ ಮುಗಿಯಿತು, ಸೂರ್ಯ ಮುಳುಗುವವರೆಗೆ ಅದಕ್ಕೆ ಎರಡನೆಯ ಮಾತಿಲ್ಲ.

ಊರು ಇನ್ನೂ ಮಲಗಿತ್ತು. ಒಳಗೆ ಏನಿದೆ ಎಂದು ಭೂಮಿಯ ಮೇಲೆ ಗೊತ್ತಿದ್ದದ್ದು ನನಗೊಬ್ಬಳಿಗೆ. ಇಪ್ಪತ್ತಾರು ವರ್ಷದಲ್ಲಿ ಹೊಳೆಯದೆ ಇದ್ದದ್ದು ಆಗ ಹೊಳೆಯಿತು. ಸಿಂಹಾಸನ ಅಂದರೆ ಚಿನ್ನದ್ದೇನಲ್ಲ, ಬಣ್ಣ ಬಳಿದ ಹಲಸಿನ ಮರ. ಸಗಣಿ ಸಾಗಿಸುವ ತಳ್ಳುಗಾಡಿಯನ್ನು ಬಾಗಿಲಿಗೆ ತಂದೆ. ಸಿಂಹಾಸನವನ್ನು ಅದಕ್ಕೆ ಉರುಳಿಸಿ, ಮೇಲೆ ಹುಲ್ಲು ಹೊದಿಸಿ, ಹಿತ್ತಲಿನ ನನ್ನ ಕೊಟ್ಟಿಗೆಗೆ ತಳ್ಳಿಕೊಂಡು ಹೋದೆ. ಮನೆಯಲ್ಲಿದ್ದ ಏಳು ಚಾಪೆ ತಂದು ಚಾವಡಿಯಲ್ಲಿ ಹಾಸಿದೆ. ರಾಜ ಒಬ್ಬ, ಅವನಿಗೆ ಸಿಟ್ಟಿದೆ. ಜನ ನೂರು, ಅವರಲ್ಲಿ ಅರ್ಧಕ್ಕಾದರೂ ಕರುಳಿರುತ್ತದೆ. ಗಂಟೆ ಬಾರಿಸಿ, "ಚಾಪೇ!" ಎಂದು ಕೂಗಿದೆ.

ಜನ ಬಂದರು, ಮೊರ ಬಂತು, ಅವರೇಕಾಯಿ ಬಂತು. ಬಂದವರು ನೋಡುತ್ತಾರೆ, ಕೂರಲು ಜಾಗವಿಲ್ಲ.

"ಇದೇನ್ ದೇವೀರಕ್ಕ, ಇವತ್ತು ಎಲ್ಲರ ಸರ್ಕಾರ ಸ್ವಲ್ಪ ಕಮ್ಮಿ ಬಿದ್ದದೆ?" ಎಂದ ಗುರುಮಲ್ಲ.

"ಬಂದದ್ದೇ ಇಷ್ಟಪ್ಪ, ನಾನೇನು ಹೆಣೀಲಾ?" ಎಂದೆ.

ಯಾರು ಚಾಪೆಯ ಮೇಲೆ, ಯಾರು ನೆಲದ ಮೇಲೆ ಎಂಬುದರ ಬಗ್ಗೆ ಒಂದೂವರೆ ಗಂಟೆ ಚರ್ಚೆ ನಡೆಯಿತು. ಆಮೇಲೆ ನನ್ನ ಎಮ್ಮೆಯ ಮಾತು ಎತ್ತಿದೆ. ಹೇಳಿದೆ, ಕೈ ಮುಗಿದೆ, ಕರು ಏಳಲಾರದೆ ಮಲಗಿದ್ದನ್ನು ವಿವರಿಸಿದೆ. ಹೆಂಗಸರು ಲೊಚಗುಟ್ಟಿದರು. ಆಹಾ, ಗೆದ್ದೆ ಅಂದುಕೊಂಡೆ. ಆಗ ಎದ್ದ ನೋಡಿ, ಒಂದನೇ ನಂಬರಿನ ಶಾಮಿಯಾನದ ನಾಗಭೂಷಣ. ಮದುವೆಗೆ ಶಾಮಿಯಾನ, ಕುರ್ಚಿ, ಮೈಕು ಒದಗಿಸುತ್ತಾನೆ. ಮೈಕು ಸರಿಯಿದೆಯೇ ಎಂದು ನೋಡುತ್ತ ನೋಡುತ್ತಲೇ ಭಾಷಣ ಕಲಿತ.

"ಬಂಧುಗಳೇ," ಎಂದ. "ದೇವೀರಕ್ಕನ ಕಣ್ಣೀರು ನನ್ನ ಕಣ್ಣೀರು. ಆದ್ರೆ ಒಂದು ಪ್ರಶ್ನೆ. ಎಂಟು ದಿನ ಈ ಎಮ್ಮೆಗೆ ಮೇವು ಹಾಕ್ದೋರು ಯಾರು? ಊರು. ಕಾವಲು ಕಾದೋರು ಯಾರು? ಊರು. ಈ ಎಮ್ಮೆ ಎಮ್ಮೇನೇ ಅಂತ ನಾಲ್ಕು ದಿನ ಬರೆದೋರು ಯಾರು? ಊರು! ಹಾಗಾದ್ರೆ ಹಾಲು ಮಾತ್ರ ಒಬ್ಬರದಾ? ಇನ್ನು ಮೇಲೆ ಬೆಳ್ಳಿ ಊರೆಮ್ಮೆ. ದಿನಕ್ಕೊಂದು ಮನೆ, ನಂಬರಿನ ಪ್ರಕಾರ. ಇವತ್ತು ಸಂಜೆ ಸೂರ್ಯ ಮುಳುಗಿದ ಮೇಲೆ ಶುರು."

ನಂಬರಿನ ಪ್ರಕಾರ! ಒಂದನೇ ನಂಬರು ಯಾರದು, ಹೇಳಬೇಕೆ? ಆದರೆ ನೂರ ಹದಿನೆಂಟು ಮನೆಯವರೂ ಮನಸ್ಸಿನಲ್ಲೇ ತಂಬಿಗೆ ಹಿಡಿದು ನಿಂತದ್ದು ಅವರ ಮುಖದಲ್ಲಿ ಕಂಡಿತು. "ನನ್ ಕೈಗಲ್ದೆ ಅವಳು ಹಾಲು ಇಳಿಸಲ್ಲ ಕಣ್ರೋ, ಕರು ಸಾಯ್ತದೆ," ಎಂದು ಕೂಗಿದೆ. ಕರುವಿನ ವಿಷಯವನ್ನು ಮುಂದಿನ ಚಾಪೆಯ ದಿನಕ್ಕೆ ಇಟ್ಟುಕೊಳ್ಳೋಣ ಎಂದ ನಾಗಭೂಷಣ.

ಆಗ ಹಿಂದಿನ ಸಾಲಿನಲ್ಲಿ, ಚಾಪೆ ಸಿಗದೆ ಬರೀ ನೆಲದ ಮೇಲೆ ಕೂತಿದ್ದ ಮುದ್ದವೀರಪ್ಪ ಎದ್ದು ನಿಂತರು. ಅವರು ಸಭೆಯಲ್ಲಿ ನಿಂತದ್ದನ್ನು ಯಾರೂ ಕಂಡಿರಲಿಲ್ಲ.

"ಪಂಚೆ ನಂದು," ಎಂದರು. ಆಮೇಲೆ, "ಎಮ್ಮೆ ಬಿಡಬೇಕು. ಕರು ಐತೆ. ನನ್ ಸರದಿ ಬಂದಿದ್ರೆ ಅದೊಂದೇ ಅಪ್ಪಣೆ ಮಾಡಿ ಇಳಿಯಾನ ಅಂತಿದ್ದೆ. ಎಂಟು ದಿನದಿಂದ ಬಾಯಿಪಾಠ ಮಾಡಿದೀನಿ. ಬರಲಿಲ್ಲ." ಎಂದು ಕೂತರು.

ನನ್ನ ತಲೆಯ ಮೇಲೆ ಯಾರೋ ಬಂಡೆ ಎತ್ತಿ ಹಾಕಿದ ಹಾಗಾಯಿತು. ಬಂದಿತ್ತು, ಸರದಿ ಬಂದಿತ್ತು, ನಾನು ಅದನ್ನು ಸಗಣಿ ಗಾಡಿಯಲ್ಲಿ ತಳ್ಳಿಕೊಂಡು ಹೋಗಿದ್ದೆ. ಅಷ್ಟರಲ್ಲಿ ನಾಗಭೂಷಣ, "ಕೈ ಎತ್ತಿ!" ಅಂದ. ಎಣಿಸಬೇಕಾದವಳು ನಾನೇ. ಒಂದು, ಎರಡು ಎಂದು ನನ್ನ ಎಮ್ಮೆಯನ್ನು ಕಿತ್ತುಕೊಳ್ಳುವ ಒಂದೊಂದು ಕೈಯನ್ನೂ ಬೆರಳು ತೋರಿಸಿ ಎಣಿಸಿದೆ. ಅವರೇಕಾಯಿ ಹಿಡಿದ ಕೈ, ಬಳೆ ತೊಟ್ಟ ಕೈ, ನಾನೇ ಮಜ್ಜಿಗೆ ಹಾಕಿ ಬೆಳೆಸಿದ ಕೈ. ಊರೆಮ್ಮೆ ಆಗಲಿ ಎಂದವರು ಎಂಬತ್ತೊಂದು. ಬಿಡಲಿ ಎಂದವರು ಮೂವತ್ತು. ಸುಳ್ಳು ಎಣಿಸಬಹುದಿತ್ತು. ಒಂದೇ ದಿನ ಎರಡು ಕಳ್ಳತನ ಮಾಡುವಷ್ಟು ಧೈರ್ಯ ನನಗಿರಲಿಲ್ಲ.

ಮನೆಗೆ ಬಂದೆ. ಕರು ಕೊಟ್ಟಿಗೆಯಲ್ಲಿ ಸಿಂಹಾಸನದ ಕಾಲಿಗೆ ಒರಗಿಕೊಂಡು ಮಲಗಿತ್ತು. ಮುಟ್ಟಿದರೆ ಕಿವಿ ತಣ್ಣಗೆ. ಪಕ್ಕದಲ್ಲಿ ಕೂತೆ. ಸುಮ್ಮನಿದ್ದರೆ ಬೀಗದ ಕೈ ನನ್ನದು, ಹೆಸರು ನನ್ನದು. ನಾಳೆ ಬೆಳಿಗ್ಗೆ ಎಂದಿನಂತೆ ಗಂಟೆ ಬಾರಿಸಬಹುದು. ಬೆಳ್ಳಿ ಹೋಗುತ್ತಾಳೆ, ಇದು ಸಾಯುತ್ತದೆ. ಬಾಯಿಬಿಟ್ಟರೆ ಇಪ್ಪತ್ತಾರು ವರ್ಷದ ಮಾನ ಹೋಗುತ್ತದೆ, ಕೆಲಸ ಹೋಗುತ್ತದೆ; ಆದರೆ ಸೂರ್ಯ ಇನ್ನೂ ಮುಳುಗಿಲ್ಲ. ಇವತ್ತು ನಿಜವಾಗಿ ಯಾರ ದಿನವೋ ಅವರು ಇನ್ನೂ ರಾಜರೇ. ಇದನ್ನು ಯೋಚಿಸಲು ನನಗೆ ಬಹಳ ಹೊತ್ತು ಹಿಡಿಯಿತು. ಮಾನ ಅಷ್ಟು ಸುಲಭಕ್ಕೆ ಕೈಬಿಡುವುದಿಲ್ಲ ಸ್ವಾಮಿ. ಹೊರಗೆ ನೋಡಿದರೆ ಬಿಸಿಲು ಗೋಡೆ ಹತ್ತಿತ್ತು. ಎದ್ದು ಹೋಗಿ ಗಂಟೆ ಬಾರಿಸಿದೆ.

ಸಂಜೆ ಐದೂವರೆಗೆ ಆ ಗಂಟೆ ಯಾವತ್ತೂ ಹೊಡೆದಿರಲಿಲ್ಲ. ಜನ ಬಿದ್ದಂಬೀಳ ಓಡಿಬಂದರು. ಸರ್ಕಾರ ನಡುಮಧ್ಯೆ ಬದಲಾಯಿತೋ ಏನೋ ಎಂದು ಕೆಲವರು ಕೈ ಮುಗಿದುಕೊಂಡು, ಕೆಲವರು ಎದೆ ಸೆಟೆಸಿಕೊಂಡು, ಕಾಳಪ್ಪನವರು ಪ್ಯಾಂಟಿನ ಗುಂಡಿ ಹಾಕಿಕೊಳ್ಳುತ್ತ ಬಂದರು. ನಾನು ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಹುಲ್ಲು ಹೊದಿಸಿದ್ದು, ಏಳು ಚಾಪೆ ನನ್ನ ಮನೆಯದು ಎಂಬುದು, ಎಲ್ಲ.

ಎಲ್ಲರೂ ಒಟ್ಟಿಗೆ ದನಿ ಎತ್ತಿದರು. "ಇದು ಜನರಿಗೆ ಮಾಡಿದ ಮೋಸ!" ಎಂದು ನಾಗಭೂಷಣ ಮೈಕಿಲ್ಲದೆಯೂ ಕೆರೆಯಾಚೆಗೆ ಕೇಳುವಂತೆ ಕೂಗಿದ. "ಹಂಗಾದ್ರೆ ಬೆಳಿಗ್ಗೆಯಿಂದ ನಾವು ಇದ್ದದ್ದು ಯಾವ ಸರ್ಕಾರದಲ್ಲಿ?" ಎಂದು ಗುರುಮಲ್ಲ ಗಾಬರಿಯಿಂದ ಮೈ ಮುಟ್ಟಿ ನೋಡಿಕೊಂಡ. ಶ್ರೀಪತಿರಾಯರು ಮಾತ್ರ ಕನ್ನಡಕ ಏರಿಸಿ, ನಿಧಾನವಾಗಿ, "ಬಾಗಿಲು ತೆಗೆದಾಗ ಚಾವಡಿಯಲ್ಲಿ ಏನಿತ್ತೋ ಅದು ಸರ್ಕಾರ. ಆಮೇಲೆ ಅದು ಎಲ್ಲಿಗೆ ಹೋಯಿತು ಅನ್ನೋದು ನಿಯಮದಲ್ಲಿಲ್ಲ. ಇವತ್ತು ರಾಜರ ದಿನವೇ. ಬೆಳಗಿನ ತೀರ್ಮಾನ ನಿಲ್ಲೋದಿಲ್ಲ," ಎಂದರು. ಆ ಮನುಷ್ಯನ ಕಾಲಿಗೆ ಬೀಳಬೇಕು ಅನ್ನಿಸಿತು. ನಾಲ್ಕು ದಿನ ನನ್ನನ್ನು ಅಲೆಸಿದ ನಿಯಮವೇ ಅದು.

ಸಿಂಹಾಸನ ಹೊತ್ತು ತರೋಣ ಎಂದರು ಕೆಲವರು. ಯಾರು ಹೊರಬೇಕು ಎಂದು ಚರ್ಚೆ ಶುರುವಾಯಿತು. ಸೂರ್ಯ ಹುಣಸೆಮರದ ಕೆಳಕೊಂಬೆಗೆ ಇಳಿದಿದ್ದ. ಮುದ್ದವೀರಪ್ಪ ಯಾರನ್ನೂ ಕೇಳಲಿಲ್ಲ. ಜೇಬಿನಲ್ಲಿ ಕೊಡೆಯ ಕಡ್ಡಿ, ಮೊಣಕಾಲಿಗೆ ತೇಪೆ, ಹಾಗೇ ಹಿತ್ತಲಿಗೆ ನಡೆದರು. ಊರೆಲ್ಲ ಹಿಂದೆ. ಕೊಟ್ಟಿಗೆಯೊಳಗೆ ಬಗ್ಗಿ ಹೋಗಿ, ಮಲಗಿದ್ದ ಕರುವಿಗೆ ತಾಗದ ಹಾಗೆ ಕಾಲು ಮೇಲಕ್ಕೆತ್ತಿಕೊಂಡು ಸಿಂಹಾಸನದ ಮೇಲೆ ಕೂತರು. ಅಟ್ಟದಿಂದ ಹುಲ್ಲಿನ ಎಳೆಯೊಂದು ತಲೆಯ ಮೇಲೆ ಬಿತ್ತು. ಯಾರೂ ನಗಲಿಲ್ಲ.

"ಅಪ್ಪಣೆ ಆಗ್ಲಿ," ಎಂದೆ.

ಅವರು ಬಾಯಿ ತೆರೆದರು. ಮುಚ್ಚಿದರು. ಎಂಟು ದಿನ ಬಾಯಿಪಾಠ ಮಾಡಿದ್ದು ಆ ಗಳಿಗೆಯಲ್ಲಿ ಮರೆತುಹೋಗಿತ್ತು! ಹಣೆಯಲ್ಲಿ ಬೆವರು ಇಳಿಯಿತು. ಸೂರ್ಯನೂ ಇಳಿದ. "ಏನೋ ಇತ್ತು… ಈ ಮೂಲಕ ಅಂತ ಶುರುವಾಗ್ತಿತ್ತು…" ಎಂದು ತಡವರಿಸಿ, ಕೊನೆಗೆ ಕರುವಿನ ಕಡೆ ನೋಡಿ, "ಅದರವ್ವನ್ನ ಬಿಡ್ರಪ್ಪಾ," ಎಂದರು.

ಗುರುಮಲ್ಲ ಬಾಣದ ಹಾಗೆ ಓಡಿದ. ಅವನಿಗೂ ಎಂಟು ದಿನದಿಂದ ನಿದ್ದೆ ಇರಲಿಲ್ಲವೆಂದು ಆಮೇಲೆ ಹೇಳಿದ.

"ಮಹಾಪ್ರಭು, ಇವಳಿಗೆ ಶಿಕ್ಷೆ?" ಎಂದ ನಾಗಭೂಷಣ. ತಂಬಿಗೆ ಕೈತಪ್ಪಿದ ಸಂಕಟ ಅವನಿಗೆ. "ಬೀಗದ ಕೈ ಕಿತ್ಕೊಳ್ಳಿ. ಊರಿಗೆ ಊರನ್ನೇ ಏಮಾರಿಸಿದಾಳೆ."

ನಾನೇ ಸೊಂಟದಿಂದ ಬೀಗದ ಕೈ ಬಿಚ್ಚಿ ಸಿಂಹಾಸನದ ಮುಂದೆ ಇಟ್ಟೆ. ಮುದ್ದವೀರಪ್ಪ ಅದನ್ನು ನೋಡಿದರು, ನನ್ನನ್ನು ನೋಡಿದರು. ಅವರ ಕಣ್ಣಲ್ಲಿ ಸಿಟ್ಟಿತ್ತು. ಇಲ್ಲ ಎಂದು ನಾನು ಬಣ್ಣ ಹಚ್ಚುವುದಿಲ್ಲ. ಪಂಚೆಗಲ್ಲ, ಬೆಳಿಗ್ಗೆ ನೆಲದ ಮೇಲೆ ಕೂರಿಸಿದ್ದಕ್ಕೆ.

"ಬೀಗ ಇವರೇ ತೆಗೀಲಿ," ಎಂದರು. "ಅಷ್ಟು ಹೊತ್ತಿಗೆ ಏಳೋರು ಬೇರೆ ಯಾರವ್ರೆ? ಆದ್ರೆ ನಾಳೆಯಿಂದ ಬಾಗ್ಲಲ್ಲಿ ಇಬ್ರು ಇರಬೇಕು. ದಿನಕ್ಕೊಂದು ಮನೆಯವರು ಸರದಿ ಮೇಲೆ ಬರಬೇಕು. ಒಳಗೆ ಮೊದಲು ನೋಡೋದು ಅವರು. ಇವರು ಆಮೇಲೆ."

ಬೀಗದ ಕೈ ಕಿತ್ತುಕೊಂಡಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಆಳುವ ಭಾಗ್ಯ ನನಗೆ ಮಾತ್ರ ಇಲ್ಲ ಎಂದು ಇಪ್ಪತ್ತಾರು ವರ್ಷ ಹೊಟ್ಟೆ ಉರಿದುಕೊಂಡಿದ್ದೆನಲ್ಲ, ದಿನಾ ಬೆಳಿಗ್ಗೆ ಎರಡು ನಿಮಿಷ ಇಡೀ ಊರು ನನ್ನ ಕೈಯಲ್ಲೇ ಇತ್ತು. ಅದು ಗೊತ್ತಾದದ್ದು, ಅದನ್ನು ಕಳೆದುಕೊಂಡಾಗ.

ಅಷ್ಟರಲ್ಲಿ ಬೆಳ್ಳಿಯ ಕೂಗು ಕೇಳಿತು. ಗುರುಮಲ್ಲ ಹಗ್ಗ ಹಿಡಿದಿದ್ದನೋ, ಹಗ್ಗ ಗುರುಮಲ್ಲನನ್ನು ಹಿಡಿದಿತ್ತೋ, ಧೂಳೆಬ್ಬಿಸಿಕೊಂಡು ಜನರನ್ನು ಸೀಳಿ ಒಳಗೆ ನುಗ್ಗಿದಳು. ಸೂರ್ಯ ಮುಳುಗಿದ. ಮುದ್ದವೀರಪ್ಪ ತಕ್ಷಣ ಸಿಂಹಾಸನದಿಂದ ಇಳಿದು, ಏಳಲಾರದ ಕರುವನ್ನು ಎರಡೂ ಕೈಯಲ್ಲಿ ಎತ್ತಿ ಕೆಚ್ಚಲಿಗೆ ಹಿಡಿದರು. ಮೊದಲು ಮೂತಿ ಜಾರಿತು. ನಾನು ಮೊಲೆ ಹಿಂಡಿ ನಾಲ್ಕು ಹನಿ ಅದರ ತುಟಿಗೆ ಬಿಟ್ಟೆ. ಆಮೇಲೆ ಹಿಡಿಯಿತು ನೋಡಿ! ಚಪ್ ಚಪ್ ಎಂಬ ಸದ್ದು ಹೊರಗೆ ನಿಂತ ಊರಿಗೆಲ್ಲ ಕೇಳಿತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರಲ್ಲಿ ಎಷ್ಟು ಜನ ಬೆಳಿಗ್ಗೆ ಕೈ ಎತ್ತಿದ್ದರು ಎಂದು ನನಗೆ ಲೆಕ್ಕ ಇದೆ, ಹೇಳುವುದಿಲ್ಲ.

ಮಾರನೆಯ ಬೆಳಿಗ್ಗೆ ನಾನು ಚಾವಡಿಗೆ ಹೋದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ಒಂದನೇ ನಂಬರಿನ ನಾಗಭೂಷಣ ಬರಬೇಕಾಗಿತ್ತು. ಅವನ ಮನೆಯಿಂದ ಗೊರಕೆ ಕೇಳುತ್ತಿತ್ತು. ಬೀಗದ ಕೈ ನನ್ನ ಕೈಯಲ್ಲಿ, ಊರು ಮಲಗಿದೆ. ತೆಗೆಯಬಹುದಿತ್ತು. ಮೆಟ್ಟಿಲ ಮೇಲೆ ಕೂತು ಕಾದೆ. ಬಿಸಿಲು ಬಂತು. ಗಂಟೆಯಿಲ್ಲದೆ ಏನು ಮಾಡಬೇಕೆಂದು ತಿಳಿಯದ ಜನ ಕಿಟಕಿಯಿಂದ ಇಣುಕತೊಡಗಿದರು. ಕೊನೆಗೆ ಬೀದಿಯ ತಿರುವಿನಿಂದ ಮುದ್ದವೀರಪ್ಪ ಬಂದರು. "ಬರಲಿಲ್ವಾ ಅವನು?" ಎಂದು ಕೇಳಿ, ಬಾಗಿಲ ಮುಂದೆ ನಿಂತರು. ನಾನು ಬೀಗ ತೆಗೆದು, ಬಾಗಿಲು ತಳ್ಳಿ, ಬೆನ್ನು ತಿರುಗಿಸಿ ನಿಂತೆ. ಕತ್ತು ತಾನಾಗಿ ಹಿಂದಕ್ಕೆ ಹೊರಳುತ್ತಿತ್ತು, ಹಲ್ಲು ಕಚ್ಚಿ ತಡೆದೆ. ಅವರು ಒಳಗೆ ನೋಡಿದರು. ಬೇಗ ಹೇಳಬಾರದೇ, ಮಾತಿನಲ್ಲಿ ಬಡವರು, ನೋಡುತ್ತಲೇ ನಿಂತಿದ್ದಾರೆ. ಇಪ್ಪತ್ತಾರು ವರ್ಷ ಊರಿಗೆಲ್ಲ ನಾನು ಕೂಗಿ ಹೇಳಿದ್ದನ್ನು ಮೊದಲನೆಯ ಸಲ ಇನ್ನೊಬ್ಬರನ್ನು ಕೇಳಿದೆ.

"ಏನೈತೆ ಒಳಗೆ, ಹೇಳಿ ಸ್ವಾಮಿ?"